ಬ್ರೇಕ್ ಆರುವವರೆಗೆ

ಆ ಕೆಂಪು ಕಾರು ಅಂಗಡಿಯ ಮುಂದೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಮೆಲ್ಲಗೆ, ನಿಲ್ಲುವುದನ್ನೇ ಮರೆತವರ ಹಾಗೆ ಉರುಳಿಕೊಂಡು ಬಂದು, ಬಾಗಿಲ ಬಳಿ ಪೇರಿಸಿಟ್ಟಿದ್ದ ಹಳೇ ಟೈರುಗಳಿಗೆ ಮೂತಿ ತಾಗಿಸಿತು. ಟೈರುಗಳ ಈಚೆ ನಿಂತಿದ್ದವಳು ಮಮತಾ. ಮೇಲಿನ ಟೈರೊಂದು ಜಾರಿ ಅವಳ ಮೊಣಕಾಲಿಗೆ ಬಡಿದು ರಸ್ತೆಗೆ ಉರುಳಿತು. ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಿತ್ತು.

ಕಾರಿನಿಂದ ಒಬ್ಬ ಯುವಕ ಇಳಿದು ಓಡಿ ಬಂದ. ಮುಖ ಸುಣ್ಣದಂತೆ ಬಿಳಚಿಕೊಂಡಿತ್ತು.

"ಪೆಟ್ಟಾತೇನ್ರಿ? ಎಲ್ಲಿ ಬಡೀತು?"

"ಕಾಲು ಎಲ್ಲಿಟ್ಟಿದ್ರಿ ನೀವು? ಬ್ರೇಕ್ ಮ್ಯಾಲೋ, ಆಕಾಶದ ಮ್ಯಾಲೋ?"

"ಬ್ರೇಕ್ ಮ್ಯಾಲೇ ಇಟ್ಟಿದ್ನಿರಿ. ಪೂರ್ತಿ ಒಳಗ ಹೋತು. ಹಿಡೀಲಿಲ್ಲ."

ಅವಳು ಇನ್ನೂ ನಾಲ್ಕು ಮಾತು ಬೈಯುವವಳಿದ್ದಳು. ಆದರೆ ಅವನು ರಸ್ತೆಗೆ ಉರುಳಿದ ಟೈರನ್ನು ತಾನೇ ಎತ್ತಿಕೊಂಡು ಬಂದ. ಬಿಳಿ ಅಂಗಿಯ ಎದೆಯ ಮೇಲೆ ಕಪ್ಪು ಗೆರೆ ಮೂಡಿತು. ಅದನ್ನವನು ನೋಡಿಕೊಳ್ಳಲೂ ಇಲ್ಲ. ಅವನ ಕಣ್ಣು ಅವಳ ಮೊಣಕಾಲ ಮೇಲೇ ಇತ್ತು.

'ಇಷ್ಟು ಹೆದರಿದಾನಲ್ಲ...' ಅವಳ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಬೆಟಗೇರಿಯ ಆ ಗಾಲಿ-ಬ್ರೇಕಿನ ಅಂಗಡಿ ಅವಳ ಅಪ್ಪ ಹೇಮಪ್ಪನದು. ಆಟೊಮೊಬೈಲ್ ಎಂಜಿನಿಯರಿಂಗ್ ಮುಗಿಸಿ ಬಂದ ಮೇಲೆ ನಡೆಸುವವಳು ಮಮತಾ. ಅಣ್ಣ ಅಂಬರೀಶ ಗಾಲಿಗಳ ತೂಕ ಸರಿಮಾಡುವ ಯಂತ್ರದ ಮುಂದೆ ಕೂರುತ್ತಾನೆ. ಅವನ ಎಡಗಾಲಿನಲ್ಲಿ ಉಕ್ಕಿನ ಸರಳಿದೆ. ಒಮ್ಮೆ ಲಕ್ಷ್ಮೇಶ್ವರದ ರಸ್ತೆಯಲ್ಲಿ ಗೆಳೆಯನೊಬ್ಬ ಅವನನ್ನು ಕೂರಿಸಿಕೊಂಡು ಮೋಜಿಗೆಂದು ಕಾರು ಹಾರಿಸಿ ಗುದ್ದಿದ್ದ. ಅಂಬರೀಶ ಅದನ್ನು ಮರೆತು ನಗುತ್ತಾನೆ. ಮಮತಾ ಮರೆತಿಲ್ಲ. ವೇಗದ ಹುಚ್ಚಿರುವವರನ್ನು ಕಂಡರೆ ಅವಳ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ.

ಅವಳು ಕಾರಿನ ಗಾಲಿ ಬಿಚ್ಚಿದಳು. ಒಳಗಿನ ಉಕ್ಕಿನ ಡಿಸ್ಕ್ ನವಿಲಿನ ಕತ್ತಿನಂತೆ ನೀಲಿಗಟ್ಟಿತ್ತು. ಸುತ್ತ ಕೂದಲೆಳೆಯಂಥ ಬಿರುಕುಗಳು.

"ಕಪ್ಪತಗುಡ್ಡದ ಇಳಿಜಾರಿನ್ಯಾಗ ರೇಸ್ ಹಚ್ತೀರೇನು?"

"ಇಲ್ರಿ."

"ಹಂಗಾರ ಇದು ಸುಟ್ಟಿದ್ದು ಹೆಂಗ? ಬ್ರೇಕ್ ಎಣ್ಣಿ ಸೈತ ಕುದ್ದೈತಿ."

ಅವನು ಡಿಸ್ಕ್ ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿದ.

"ಹೇಳಾಕ ಬರಂಗಿಲ್ರಿ."

'ಹೇಳೂದೇನೈತಿ, ಕಾಣಾಕತ್ತೈತಲ್ಲ,' ಎಂದುಕೊಂಡಳು ಅವಳು.

ಅವನ ಹೆಸರು ಸಿದ್ದಲಿಂಗೇಶ. ಮುಂಡರಗಿಯವನು, ಶೇಂಗಾ ವ್ಯಾಪಾರದ ಮನೆತನ. ಕಾರು ಅಪ್ಪ ವಿರೂಪಾಕ್ಷಪ್ಪ ಆಸೆಪಟ್ಟು ತಂದದ್ದಂತೆ. "ಈಗ ಅಪ್ಪಾರು ಓಡ್ಸಂಗಿಲ್ರಿ," ಎಂದಷ್ಟೇ ಹೇಳಿದ. ಬ್ರೇಕುಗಳನ್ನು ರಿಪೇರಿ ಮಾಡುವುದಲ್ಲ, ಪೂರ್ತಿ ಬದಲಿಸಿ ಇನ್ನೂ ದೊಡ್ಡವನ್ನು ಹಾಕಬೇಕು ಎಂಬುದು ಅವನ ಹಟ.

"ದೊಡ್ಡ ಡಿಸ್ಕ್ ಹಾಕಿದ್ರ ಅದನ್ನ ಹಿಡಿಯೋ ಕ್ಯಾಲಿಪರೂ ದಪ್ಪ ಆಗ್ತೈತಿ. ಈ ಗಾಲಿಯೊಳಗ ಕುಂಡ್ರಂಗಿಲ್ಲ. ಗಾಲಿನೂ ಬದಲಿ ಮಾಡಬೇಕಾಗ್ತೈತಿ."

"ಮಾಡ್ರಿ. ನೋಡಾಕ ಹೆಂಗರ ಇರ್ಲಿ. ಪೆಡಲ್ ಮಾತ್ರ ಮೆತ್ತಗಿರಬೇಕು. ಕಾಲಿನ್ಯಾಗ ಕಸುವು ಇಲ್ಲದವರು ಒತ್ತಿದ್ರೂ ಗಾಡಿ ನಿಲ್ಲಬೇಕು."

"ನಿಮ್ಮ ಕಾಲಿನ್ಯಾಗ ಕಸುವು ಇಲ್ಲೇನು?"

ಅವನು ನಕ್ಕುಬಿಟ್ಟ. ಅಂಥ ನಗು ಅಂಗಡಿಯಲ್ಲಿ ಬಹಳ ದಿನಗಳಿಂದ ಕೇಳಿರಲಿಲ್ಲ. ಯಂತ್ರದ ಮುಂದಿದ್ದ ಅಂಬರೀಶ ತಲೆಯೆತ್ತಿ ತಂಗಿಯತ್ತ ನೋಡಿದ. ಅವಳು ಬಗ್ಗಿ ಪಾನಾ ಹುಡುಕತೊಡಗಿದಳು.

ಸಾಮಾನು ಬರುವುದು ತಡವಾಯಿತು. ಕಾರು ಜಾಕಿನ ಮೇಲೆ ಗಾಲಿಯಿಲ್ಲದೆ ನಿಂತಿತು. ಅವನು ಮುಂಡರಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಫೋನಿನಲ್ಲೇ ಕೇಳಬಹುದಾದದ್ದನ್ನು ಕೇಳಲು ಬರುತ್ತಿದ್ದ. ಬರುವಾಗ ಕೈಯಲ್ಲಿ ಬಸ್‌ಸ್ಟ್ಯಾಂಡಿನ ಬಿಸಿ ಮಿರ್ಚಿ ಭಜಿ ಇರುತ್ತಿತ್ತು. ಹೇಮಪ್ಪನೊಡನೆ ಶೇಂಗಾ ಪೇಟೆಯ ಮಾತು, ಅಂಬರೀಶನೊಡನೆ ಕ್ರಿಕೆಟ್ಟಿನ ಮಾತು. ಮಮತಾಳೊಡನೆ ಮಾತ್ರ ಮಾತು ಕಡಿಮೆ... ಅವಳು ಕೆಲಸ ಮಾಡುವುದನ್ನು ನೋಡುತ್ತಾ ಕೂರುತ್ತಿದ್ದ.

ಒಂದು ಮಧ್ಯಾಹ್ನ ಅವಳು ರಟ್ಟನ್ನು ಹೊಸ ಕ್ಯಾಲಿಪರಿನ ಆಕಾರಕ್ಕೆ ಕತ್ತರಿಸಿ, ಆರಿಸಿದ ಗಾಲಿಯೊಳಗೆ ಇಟ್ಟು ನೋಡುತ್ತಿದ್ದಳು. ಗಾಲಿಯ ಕಡ್ಡಿಗಳಿಗೂ ರಟ್ಟಿಗೂ ನಡುವೆ ಬೆರಳು ಹಾಯುವಷ್ಟು ಜಾಗ ಬೇಕಿತ್ತು.

"ಆ ಕಡೆ ಹಿಡೀರಿ ಸ್ವಲ್ಪ."

ಅವನು ಹಿಡಿದ. ಗಾಲಿಯ ಆಚೆಯಿಂದ ಅವನ ಬೆರಳು, ಈಚೆಯಿಂದ ಅವಳ ಬೆರಳು, ಆ ಕಿರಿದಾದ ಸಂದಿನಲ್ಲಿ ತಾಗಿದವು. ಇಬ್ಬರೂ ಹಿಂದೆ ತೆಗೆಯಲಿಲ್ಲ.

"ಜಾಗ ಐತೇನ್ರಿ?" ಅವನ ದನಿ ತಗ್ಗಿತ್ತು.

"ಐತಿ," ಎಂದಳು. ಗಾಲಿಯ ಬಗ್ಗೆ ಹೇಳಿದೆನೋ ಬೇರೆಯದರ ಬಗ್ಗೆಯೋ, ಅವಳಿಗೇ ತಿಳಿಯಲಿಲ್ಲ.

ಅಂದು ಮನೆಗೆ ಹೋಗುವಾಗ ಬೆಟಗೇರಿಯ ಮಗ್ಗಗಳ ಸದ್ದು ಯಾರೋ ಎದೆಯೊಳಗೆ ಕೂತು ನೇಯುತ್ತಿರುವಂತೆ ಕೇಳಿಸಿತು.

*

ಹೊಸ ಬ್ರೇಕು ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಅದಕ್ಕೆ ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಗಟ್ಟಿಯಾಗಿ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸಬೇಕು. ಹಾಗೆ ಹಲವು ಸಲ. ಆಮೇಲೆ ಬಿಸಿ ಆರುವವರೆಗೆ ಎಲ್ಲಿಯೂ ನಿಲ್ಲಿಸದೆ ಸುಮ್ಮನೆ ಹೋಗುತ್ತಿರಬೇಕು.

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಕಾರಿಗೆ ಎರಡೇ ಸೀಟು. ಮುಳಗುಂದದ ರಸ್ತೆಯಲ್ಲಿ ಅವನು ಓಡಿಸುತ್ತಿದ್ದ, ಅವಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು.

"ಈಗ ಒತ್ರಿ... ಬಿಡ್ರಿ. ಹೋಗ್ಲಿ, ಹೋಗ್ಲಿ... ಈಗ ಒತ್ರಿ."

ವೇಗ ಏರಿದಾಗ ಮೊದಲು ಅವಳ ಕೈ ಸೀಟಿನ ಅಂಚನ್ನು ಬಿಗಿಹಿಡಿಯಿತು. ಅವನು ಅದನ್ನು ಕಂಡ. ಅವಳು ಕೇಳುವ ಮೊದಲೇ ವೇಗ ತಗ್ಗಿಸಿದ. ಮುಂದಿನ ಸಲ, "ಏರಸ್ಲೇನ್ರಿ?" ಎಂದು ಕೇಳಿಯೇ ಏರಿಸಿದ. ಮೊಟ್ಟೆ ಹೊತ್ತವರ ಹಾಗೆ ಓಡಿಸುತ್ತಿದ್ದ.

'ಇಷ್ಟು ನಾಜೂಕು ಓಡಸಾಂವ ಡಿಸ್ಕ್ ಹೆಂಗ ಸುಟ್ಟ?' ಅವಳಿಗೆ ಬಗೆಹರಿಯಲಿಲ್ಲ.

"ಆತು. ಇನ್ನ ಬ್ರೇಕ್ ಮುಟ್ಟಬ್ಯಾಡ್ರಿ. ಆರೂತನಕ ಹಿಂಗ ಹೋಗೂಣು."

"ಎಲ್ಲೀತನಕ?"

"ಆರೂತನಕ."

"ಹಂಗಾರ ಲಕ್ಷ್ಮೇಶ್ವರ ದಾಟಿ ಶಿಗ್ಲಿತನಕ ಹೋಗೂಣು," ಎಂದ ಅವನು. ಅಷ್ಟು ದೂರ ಬೇಕಿರಲಿಲ್ಲ. ಅವಳು ಬೇಡವೆನ್ನಲಿಲ್ಲ.

ಎರಡೂ ಕಡೆ ಕರಿಮಣ್ಣಿನ ಹೊಲ, ತೆನೆ ತುಂಬಿದ ಬಿಳಿಜೋಳ. ದೂರದ ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ನಿದ್ದೆಗಣ್ಣಲ್ಲಿ ತಿರುಗುತ್ತಿದ್ದವು. ಮಂಜು ರಸ್ತೆಯನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿ ತೋರಿಸುತ್ತಿತ್ತು. ಈ ದಾರಿ ಮುಗಿಯದಿದ್ದರೆ... ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಮಮತಾ ಅವರ..." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮ ಮನಿಗೆ ಹಿರ್ಯಾರನ್ನ ಕಳಸ್ಲೇನು?"

ಅವಳು ಅವನತ್ತ ತಿರುಗಿದಳು. ಹೂಂ ಎನ್ನಲು ತುಟಿ ತೆರೆದಳು. ಆದರೆ ನೀಲಿಗಟ್ಟಿದ ಡಿಸ್ಕ್ ಕಣ್ಮುಂದೆ ಬಂತು, ಅಣ್ಣನ ಕಾಲು ಕಣ್ಮುಂದೆ ಬಂತು.

"ಒಂದ ಮಾತು. ಆ ಡಿಸ್ಕ್ ಹೆಂಗ ಸುಟ್ಟವು? ಖರೆ ಹೇಳ್ರಿ."

ಅವನ ಮುಖ ಬಾಡಿತು.

"ಒಬ್ಬರಿಗೆ ಮಾತು ಕೊಟ್ಟೀನಿ. ಸ್ವಲ್ಪ ದಿನ ತಡೀರಿ, ನಾನ ಹೇಳ್ತೀನಿ."

ಅವಳು ಕಿಟಕಿಯತ್ತ ತಿರುಗಿದಳು. ಶಿಗ್ಲಿ ಬಂತು. ಬ್ರೇಕು ಆರಿತ್ತು. ಅವನು ಕಾರನ್ನು ಹಿಂದಕ್ಕೆ ತಿರುಗಿಸಿದ.

*

ಮುಂದಿನ ವಾರ ಅವಳು ಸೋದರತ್ತೆಯನ್ನು ನೋಡಲು ಮುಂಡರಗಿಯ ಬಸ್ಸು ಹತ್ತಿದಳು. ಅತ್ತೆ ನೆಪ. ಅವನ ಊರನ್ನೊಮ್ಮೆ ನೋಡಬೇಕೆನಿಸಿತ್ತು. ತಡೆಯಲು ಹೇಳಿದ್ದಾನೆ, ತಡೆಯೋಣ ಎಂದು ಮನಸ್ಸು ಅಷ್ಟೊತ್ತಿಗೆ ಮೆತ್ತಗಾಗಿತ್ತು.

ಡಂಬಳ ದಾಟಿದ ಮೇಲೆ ಎದುರಿಗೆ ಆ ಕೆಂಪು ಕಾರು ಬಂತು. ತಾನೇ ಹಾಕಿದ ಗಾಲಿಗಳು. ಅವಳು ಕಿಟಕಿಗೆ ಮುಖ ಒತ್ತಿದಳು.

ಬಸ್ಸಿನ ಕಿಟಕಿಯ ಕೆಳಗೆ ಅದು ಹಾದುಹೋಗುವಾಗ ಅವಳು ಕಂಡದ್ದಿಷ್ಟು. ಸ್ಟೇರಿಂಗ್ ಮೇಲೆ ಹಸಿರು ಬಳೆ ತುಂಬಿದ ಹೆಣ್ಣಿನ ಕೈ. ಅದರ ಮೇಲೆ ಅವನ ಕೈ. ಆ ಹೆಣ್ಣಿನ ಮುಖ ಕಾರಿನ ಮೇಲ್ಭಾಗದ ಮರೆಯಲ್ಲಿತ್ತು. ಅವನ ನಗು ಮಾತ್ರ ಕಾಣಿಸಿತು.

'ಮಾತು ಕೊಟ್ಟೀನಿ ಅಂದಿದ್ದು ಈಕಿಗೆ...'

ಅವಳು ಮುಂಡರಗಿಯಲ್ಲಿ ಇಳಿದವಳು ಅತ್ತೆಯ ಮನೆಗೂ ಹೋಗದೆ, ಅದೇ ಬಸ್‌ಸ್ಟ್ಯಾಂಡಿನಿಂದ ಹಿಂದಕ್ಕೆ ಬಂದಳು. ದಾರಿಯುದ್ದಕ್ಕೂ ಸೆರಗಿನ ಅಂಚು ಒದ್ದೆಯಾಗಿತ್ತು.

ಅವನ ಫೋನು ಎಷ್ಟು ಸಲ ಬಂದರೂ ತೆಗೆಯಲಿಲ್ಲ. ಅಂಗಡಿಗೆ ಬಂದರೆ, "ನಿಮ್ಮ ಕೆಲಸ ಮುಗದೈತಿ," ಎಂದು ಕಾರಿನಡಿ ನುಸುಳಿದಳು. ಬಹಳ ದಿನಗಳಿಂದ ಲಕ್ಷ್ಮೇಶ್ವರದ ಒಂದು ಸಂಬಂಧದ ಮಾತೆತ್ತುತ್ತಿದ್ದ ಅವ್ವ ಹನಮಂತವ್ವ ರೊಟ್ಟಿ ಬಡಿಯುತ್ತಾ ಮತ್ತೆ ಕೇಳಿದಳು.

"ಆತು, ಬರ್ರಿ ಅನ್ನು," ಎಂದಳು ಮಮತಾ.

ಹನಮಂತವ್ವ ಮಗಳ ಮುಖ ನೋಡಿದಳು. "ಖುಷೀಲೆ ಅನ್ನಾಕತ್ತೀಯೋ, ಸಿಟ್ಟೀಲೆ ಅನ್ನಾಕತ್ತೀಯೋ?"

ಅವಳು ಒಲೆಯ ಕಟ್ಟಿಗೆಯನ್ನು ಒಳಗೆ ನೂಕಿದಳು. ಮೂಲೆಯಲ್ಲಿ ಊಟ ಮಾಡುತ್ತಿದ್ದ ಅಂಬರೀಶ ಎಲ್ಲವನ್ನೂ ಕೇಳಿಸಿಕೊಂಡ. ಕೈ ತೊಳೆದು, ಫೋನು ಹಿಡಿದು ಹೊರಗೆ ಹೋದ.

*

ಲಕ್ಷ್ಮೇಶ್ವರದವರು ಬರುವ ಹಿಂದಿನ ದಿನ, ಬಿಸಿಲು ಏರುವ ಹೊತ್ತಿಗೆ, ಆ ಕಾರು ಮತ್ತೆ ಅಂಗಡಿಗೆ ಬಂತು. ಈ ಸಲ ಬಾಗಿಲ ಮುಂದೆ, ಬೇಕಾದಲ್ಲಿ, ನಯವಾಗಿ ನಿಂತಿತು.

ಸ್ಟೇರಿಂಗಿನ ಕಡೆಯ ಬಾಗಿಲು ತೆರೆಯಿತು. ಮೊದಲು ಹಸಿರು ಬಳೆಯ ಕೈ ಹೊರಬಂತು.

ಮಮತಾ ಕಲ್ಲಾದಳು.

ಇಳಿದವರು ಒಬ್ಬ ಹಿರಿಯ ಹೆಂಗಸು. ಇಳಕಲ್ ಸೀರೆ, ನರೆತ ತುರುಬು, ಹಣೆಯ ತುಂಬ ಕುಂಕುಮ. ಕಾರನ್ನು ಸುತ್ತಿ ಬಂದು ಇನ್ನೊಂದು ಬಾಗಿಲು ತೆರೆದು, ಕಪ್ಪು ಕನ್ನಡಕದ ಯಜಮಾನರೊಬ್ಬರ ಕೈ ಹಿಡಿದು ಇಳಿಸಿದರು.

"ಮೆಟ್ಟಲ ಐತ್ರಿ, ಸಾವಕಾಶ ಕಾಲಿಡ್ರಿ," ಎಂದು ಅವರಿಗೆ ಹೇಳಿ ಮಮತಾಳತ್ತ ತಿರುಗಿದರು.

"ನೀನ ಮಮತಾ ಹೌದಲ್ಲ? ನಾನು ಸಿದ್ದಲಿಂಗೇಶನ ಅವ್ವ, ಶಾರದವ್ವ. ಆ ಡಿಸ್ಕ್ ಸುಟ್ಟಾಕಿ ನಾನ ಯವ್ವಾ."

"ನೀವು...?"

"ಹೂಂ. ಇಳಿಜಾರು ಬಂತಂದ್ರ ಜೀವ ಬಾಯಿಗೆ ಬರ್ತಿತ್ತು. ಇಡೀ ದಾರಿ ಬ್ರೇಕ್ ಮ್ಯಾಲಿನ ಕಾಲ ತಗೀಲಿಲ್ಲ. ಇಂವ ಬಡಕೊಂಡ, ತಗೀ ಅವ್ವಾ, ಸುಡ್ತಾವು ಅಂತ. ಕೇಳಬೇಕಲ್ಲ ನಾನು?"

ಕನ್ನಡಕದ ಯಜಮಾನರು, ಅವನ ಅಪ್ಪ ವಿರೂಪಾಕ್ಷಪ್ಪನವರು, ಮೆಲ್ಲಗೆ ನಕ್ಕರು. "ಈ ಗಾಡಿ ಮ್ಯಾಲೆ ಹರೇದಾಗಿಂದ ಆಸಿ ಇತ್ತವ್ವಾ ನನಗ. ಕಡೀಕ ಕೊಂಡು ತಂದೆ. ತಂದ ವರ್ಷನ ಕಣ್ಣು ಮಂಜಾದವು. ಶೆಡ್ಡಿನ್ಯಾಗ ಹೋಗಿ ಕೈಲೆ ಸವರಿ ಬರ್ತಿದ್ದೆ, ಅಷ್ಟ."

"ಅದನ್ನ ನೋಡಾಕ ಆಗ್ಲಿಲ್ಲ ನನಗ," ಎಂದರು ಶಾರದವ್ವ. "ಇವರ ಹುಟ್ಟಿದ ದಿನ ನಾನ ಓಡಿಸ್ಕೊಂಡು ತುಂಗಭದ್ರಿ ದಂಡಿಗೆ ಕರಕೊಂಡು ಹೋಗಬೇಕಂತ ಕಲಿಯಾಕತ್ತಿದ್ದೆ. ಯಾರ ಮುಂದೂ ಹೇಳಬ್ಯಾಡ ಅಂತ ಮಗನ ಕಡೆ ಆಣಿ ಹಾಕಿಸ್ಕೊಂಡಿದ್ದೆ. ಆ ದಿನ ಇನ್ನೂ ಬಂದಿಲ್ಲ. ನಿಮ್ಮಣ್ಣ ಫೋನ್ ಮಾಡಿ ಲಕ್ಷ್ಮೇಶ್ವರದ ಖಬರ ಹೇಳಿದ್ನಂತ. ಮಗ ಎರಡು ದಿನ ಊಟ ಬಿಟ್ಟ, ಆದ್ರೂ ನನ್ನ ಆಣಿ ಮುರೀಲಿಲ್ಲ. ಕೇಳಿ ಕೇಳಿ ನಾನ ಬಾಯಿ ಬಿಡಿಸಿದೆ. ಮುಂಜಾನೆ ಇವರಿಗೆ ಎಲ್ಲಾ ಹೇಳಿ, ಕುಂಡ್ರಿಸ್ಕೊಂಡು ಸೀದಾ ಇಲ್ಲಿಗೇ ಬಂದೆ."

ಮಮತಾಳ ಕಣ್ಣು ತುಂಬಿ ಬಂತು. ಕಸುವಿಲ್ಲದ ಕಾಲು... ಮೆತ್ತಗಿನ ಪೆಡಲ್... ಅವನು ಹೇಳದೆಯೂ ಹೇಳಿದ್ದ. ಒಂದು ಹೆಣ್ಣಿನ ಕೈ ಕಂಡೊಡನೆ ನಾನೇ ಕತೆ ಕಟ್ಟಿಕೊಂಡೆನಲ್ಲ!

ಹೇಮಪ್ಪ ಗಡಿಬಿಡಿಯಿಂದ ಕುರ್ಚಿ ಒರೆಸಿದ. "ಬರ್ರಿ, ಕುಂಡ್ರಿ... ಸಾಹುಕಾರ್ರ, ನಾವು ಗ್ರೀಸ್ ಕೈಯಿನ ಮಂದಿ. ನಿಮ್ಮ ಮನಿತನ ದೊಡ್ಡದು."

"ಹೇಮಪ್ಪಾರ, ಈ ಮುಂಜಾನೆ ನನ್ನ ಜೀವ ನಿಮ್ಮ ಮಗಳು ಕಟ್ಟಿದ ಬ್ರೇಕಿನ ಮ್ಯಾಲೆ ಬಿಟ್ಟು ಬಂದೀನಿ," ಎಂದರು ವಿರೂಪಾಕ್ಷಪ್ಪ. "ಇನ್ನ ಯಾವ ಮನಿತನದ ಮಾತು? ಆಕಿ ಒಪ್ಪಿದ್ರ ಸಾಕು."

ಹೇಮಪ್ಪ ಮಗಳನ್ನು ನೋಡಿದ. ಅವಳು ನಾಚಿ ನೆಲ ನೋಡಿದಳು. ಅವನು ಜೇಬಿನಿಂದ ಫೋನು ತೆಗೆದ. "ಲಕ್ಷ್ಮೇಶ್ವರದವರಿಗೆ ಬರಬ್ಯಾಡ್ರಿ ಅಂತೀನಿ," ಎಂದು ಒಳಗೆ ನಡೆದ.

ಎರಡೇ ಸೀಟಿನ ಕಾರಿನಲ್ಲಿ ಜಾಗವಿಲ್ಲದೆ ಬಸ್ಸಿಗೆ ಬಂದ ಸಿದ್ದಲಿಂಗೇಶ ಅಷ್ಟು ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಕಾಣಿಸಿದ. ಬೆವೆತಿದ್ದ. ದೂರದಲ್ಲೇ ನಿಂತ. ಅಂಬರೀಶ ಚಹಾದ ನೆಪ ಹೇಳಿ ಹಿರಿಯರನ್ನು ಒಳಗೆ ಕರೆದುಕೊಂಡು ಹೋದ.

ಮಮತಾಳೇ ನಡೆದು ಹೋದಳು.

"ನಾನು ಒಂದ ಮಾತು ಕೇಳಬೇಕಿತ್ತು. ಕೇಳಲಿಲ್ಲ. ಬಸ್ಸಿನ್ಯಾಗಿಂದ ಒಂದು ಕೈ ನೋಡಿ ಏನೇನೋ ತಿಳಕೊಂಡೆ."

"ನಾನು ಒಂದು ಮಾತು ಹೇಳಬೇಕಿತ್ತು. ಆಣಿ ಅಂತ ಸುಮ್ಮನಾದೆ."

"ನನ್ನ ಸಿಟ್ಟು ಕೆಟ್ಟದೈತ್ರಿ. ಜೀವನಪೂರ್ತಿ ತಡಕೋಬೇಕಾಗ್ತೈತಿ."

"ನನ್ನ ಮಾತು ಕಡಿಮಿ. ಜೀವನಪೂರ್ತಿ ಕೆದರಿ ಕೆದರಿ ಕೇಳಬೇಕಾಗ್ತೈತಿ."

"ಹಂಗಾರ ಈಗ ಕೇಳ್ತೀನಿ. ನಿಮ್ಮ ಮನಸಿನ್ಯಾಗ ಏನೈತಿ?"

ಅವನು ಅವಳ ಕಣ್ಣುಗಳನ್ನೇ ನೋಡಿದ. ಮೊದಲ ಸಲ 'ನೀವು' ಬಿಟ್ಟ.

"ನೀನ ಅದಿ. ಭಾಳ ಪ್ರೀತಿ ಮಾಡ್ತೀನಿ ಮಮತಾ."

ಅವಳ ಕೆನ್ನೆ ಬಿಸಿಯಾಯಿತು.

"ಇನ್ನೊಮ್ಮೆ ಹೇಳ್ರಿ. ಲಾರಿ ಹೋತು, ಕೇಳಿಸ್ಲಿಲ್ಲ."

ರಸ್ತೆಯಲ್ಲಿ ಯಾವ ಲಾರಿಯೂ ಹೋಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು, ಮತ್ತೊಮ್ಮೆ ಹೇಳಿದ.