ಗೆದ್ದಾಗ ಕುಣಿಯುವ ಇಸ್ಪೀಟು

ಹೊಸ ಕಂಪ್ಯೂಟರ್ ಕೊಂಡರೆ ಅವಳ ಎರಡು ತಿಂಗಳ ಸಂಬಳ ಹೋಗುತ್ತಿತ್ತು. ಹಳೆಯದಕ್ಕೇ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದರೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆಯಲ್ಲಿ ಮುಗಿಯುತ್ತಿತ್ತು. ಕಾಲಲ್ಲಿರುವ ಚಪ್ಪಲಿ ಇನ್ನೊಂದಷ್ಟು ದಿನ ತಾಳಲಿ ಎಂದುಕೊಂಡು ಅವಳು ರಿಪೇರಿಯವನನ್ನು ಕರೆಸಿದಳು.

ಅವನು ಬಂದಾಗ ಅವಳು ರಕ್ತಪರೀಕ್ಷೆಯ ಲ್ಯಾಬಿನಿಂದ ಆಗಷ್ಟೇ ಮನೆ ಸೇರಿದ್ದಳು. ಅವನು ಕಂಪ್ಯೂಟರಿನ ಡಬ್ಬ ಬಿಚ್ಚಿ, ಫ್ಯಾನಿನ ಧೂಳು ಊದಿ, ತಲೆ ಕೆರೆದುಕೊಂಡ.

“ವಯಸ್ಸಾಯ್ತು ಮೇಡಂ ಇದಕ್ಕೆ. ಹೊಸ ಸಿಸ್ಟಮ್ ಹಾಕಿದ್ರೂ ಏದುಸಿರು ಬಿಡುತ್ತೆ.”

“ಬಿಡ್ಲಿ. ನಾನೂ ಬಿಡ್ತೀನಿ. ಓಡ್ತಾ ಇಲ್ವಾ?”

ಅವನು ತಲೆ ಎತ್ತಿ ಅವಳನ್ನು ನೋಡಿದ. ಯಾರಾದರೂ ತನ್ನ ಮುಖ ನೋಡಿ ಎಷ್ಟು ಕಾಲವಾಯಿತು ಅನ್ನಿಸಿತು ಅವಳಿಗೆ... ಲ್ಯಾಬಿಗೆ ಬರುವವರು ಸೂಜಿಯನ್ನಷ್ಟೇ ನೋಡುತ್ತಾರೆ.

ಹಗಲು ಲ್ಯಾಬು, ಸಂಜೆ ಮನೆಯಲ್ಲಿ ವೈದ್ಯರ ವರದಿಗಳ ಟೈಪಿಂಗ್. ಆ ಟೈಪಿಂಗ್ ಕೊಡುವವರು, ಹಳೆಯ ಸಿಸ್ಟಮ್ ಇರುವವರಿಗೆ ಮುಂದಿನ ತಿಂಗಳಿಂದ ಕೆಲಸವಿಲ್ಲ ಎಂದಿದ್ದರು. ಆ ದುಡ್ಡಿಲ್ಲದಿದ್ದರೆ ಅಪ್ಪನ ಔಷಧಿಗೆ ಕತ್ತರಿ.

ಏನೇನು ಉಳಿಸಬೇಕು ಎಂದು ಅವನು ಕೇಳಿದ. ತನ್ನ ವರದಿಗಳ ಫೋಲ್ಡರ್ ಒಂದು ಸಾಕು, ಉಳಿದದ್ದು ಬರೀ ಕಸ, ಒರೆಸಿಬಿಡಿ ಎಂದಳು. ಒಳಕೋಣೆಯಲ್ಲಿ ತೂಕಡಿಸುತ್ತಿದ್ದ ಅಪ್ಪನನ್ನು ಕೇಳಬೇಕೆಂದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಕೆಲಸ ಒಂದು ಸಂಜೆಗೆ ಮುಗಿಯಲಿಲ್ಲ. ಪರದೆಯ ಮೇಲೆ ಚುಕ್ಕೆಗಳು ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದವು. ಕಾಯುವಾಗ ಇಬ್ಬರೂ ಚಹಾ ಕುಡಿದರು. ಹಾಸಿಗೆ ಹಿಡಿದಿದ್ದ ಅಮ್ಮನನ್ನು ನೋಡಿಕೊಳ್ಳುವುದರಲ್ಲೇ ತನ್ನ ಮದುವೆಯ ಮಾತು ಹಿಂದೆ ಬಿತ್ತೆಂದೂ, ಈಗ ಅಮ್ಮನೂ ಇಲ್ಲವೆಂದೂ ಅವನು ಯಾರದೋ ವಿಷಯದಂತೆ ಹೇಳಿದ. ಅಂಗಡಿಯ ಬಾಗಿಲು ಎಳೆದ ಮೇಲೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲವಂತೆ. ಅವಳು ಹೂಂಗುಟ್ಟಿದಳು. ಸುಸ್ತಾದವರಿಗೆ ಸುಸ್ತಾದವರ ಮಾತು ಬೇಗ ಅರ್ಥವಾಗುತ್ತದೆ.

ಕೆಲಸ ಮುಗಿದ ಸಂಜೆ ಹೊಸ ಪರದೆ ನೀಲಿಯಾಗಿ ಹೊಳೆಯಿತು. ಅವಳ ಟೈಪಿಂಗ್ ಉಳಿಯಿತು. ಅವನು ಹೊರಟಾಗ, ಇನ್ನು ಬರಲು ಇವನಿಗೆ ನೆಪವಿಲ್ಲವಲ್ಲ ಎಂಬ ಯೋಚನೆ ಎಲ್ಲಿಂದ ಬಂತೋ... ಅವಳು ಅದನ್ನು ಚಹಾ ಲೋಟದ ಜೊತೆಗೇ ತೊಳೆದಿಟ್ಟಳು.

ಮರುದಿನ ಅವಳು ಬಂದಾಗ ಮನೆಯಲ್ಲಿ ಅಪ್ಪನಿರಲಿಲ್ಲ.

ಬಾಗಿಲು ಬರೀ ಮುಂದೆ ಮಾಡಿತ್ತು. ಮೇಜಿನ ಮೇಲೆ ಮೌಸ್ ಇರಲಿಲ್ಲ. ಅವಳ ಫೋನು ಚಾರ್ಜ್ ಮುಗಿದು ಬೆಳಗ್ಗೆಯೇ ಸತ್ತಿತ್ತು. ಅಪ್ಪ ಬಸ್ ಓಡಿಸಿ ನಿವೃತ್ತರಾದವರು. ಇತ್ತೀಚೆಗೆ ಮರೆವು, ಹೊರಗೆ ಕಾಲಿಟ್ಟರೆ ಯಾವುದೋ ಬಸ್ ಹತ್ತಿ ಎಲ್ಲಿಗೋ ಹೋಗಿಬಿಡುತ್ತಾರೆ. ಅವರನ್ನು ದಿನವಿಡೀ ಕುರ್ಚಿಯಲ್ಲಿ ಹಿಡಿದಿಟ್ಟಿದ್ದದ್ದು ಕಂಪ್ಯೂಟರಿನಲ್ಲಿದ್ದ ಇಸ್ಪೀಟು ಆಟ. ‘ಕಸ’ ಎಂದು ತಾನೇ ಒರೆಸಲು ಹೇಳಿದ್ದು... ಅವಳು ಮೆಟ್ಟಿಲ ಬಳಿ ಬಂದು ಅಪ್ಪಾ ಎಂದು ಕೂಗಿದಳು.

ಕೆಳಮನೆಯ ಅಜ್ಜಿ ಕಿಟಕಿಯಿಂದ ತಲೆ ಹಾಕಿದರು. “ನಿಮ್ಮಪ್ಪ ಬೆಳಗ್ಗೇನೇ ಹೊರಟ್ರಲ್ಲಮ್ಮ. ಕೈಲಿ ಬಾಲ ಇರೋ ಅದೇನೋ ಹಿಡ್ಕೊಂಡು, ಡಾಕ್ಟ್ರ ಹತ್ರ ಹೋಗ್ತೀನಿ ಅಂದ್ರು.”

ಅಪ್ಪ ರಿಪೇರಿಯವನನ್ನು ಕರೆಯುತ್ತಿದ್ದದ್ದೇ ಕಂಪ್ಯೂಟರ್ ಡಾಕ್ಟ್ರು ಎಂದು. ಮುಂದಿನ ಬೀದಿಯಲ್ಲಿದ್ದ ಅವನ ಅಂಗಡಿಯತ್ತ ಅವಳು ಓಡಿದಳು. ಸವೆದ ಚಪ್ಪಲಿಯ ಬಾರು ದಾರಿಯಲ್ಲೇ ಕಿತ್ತಿತು. ಅದನ್ನು ಕೈಯಲ್ಲಿ ಹಿಡಿದೇ ಅಂಗಡಿ ಸೇರಿದಳು.

ಅಲ್ಲಿ ಅಪ್ಪ ಸ್ಟೂಲಿನ ಮೇಲೆ ಕುಳಿತು ನಗುತ್ತಿದ್ದರು. ಕೌಂಟರಿನ ಮೇಲೆ ಮೌಸು, ಪಕ್ಕದಲ್ಲಿ ಊಟ ಮಾಡಿದ ತಟ್ಟೆ. ರಿಪೇರಿಯವನು ಎರಡೂ ಕೈ ತುಂಬ ಇಸ್ಪೀಟು ಎಲೆಗಳನ್ನು ಹಿಡಿದು ಮೇಲಕ್ಕೆ ತೂರುತ್ತಿದ್ದ. ಎಲೆಗಳು ಕೌಂಟರಿಂದ ನೆಲಕ್ಕೆ, ನೆಲದಿಂದ ಮೂಲೆಗೆ ಹಾರುತ್ತಿದ್ದವು.

ಅವಳಿಗೆ ಮೈಯೆಲ್ಲ ಉರಿಯಿತು. ನನ್ನ ಜೀವ ಬಾಯಿಗೆ ಬಂದಿದೆ, ಇವನಿಗೆ ಮಕ್ಕಳಾಟ!

“ಮನೇಲಿ ಹುಡುಕೋರು ಒಬ್ಬರಿದ್ದಾರೆ ಅಂತ ನಿಮಗೆ ಅನ್ನಿಸಲೇ ಇಲ್ವಾ? ಒಂದು ಫೋನ್ ಮಾಡೋಕೂ ಕೈ ಬರಲಿಲ್ವಾ?”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲಿಲ್ಲ. ಅಪ್ಪನ ಕೈ ಹಿಡಿದು ಎಬ್ಬಿಸಿದಳು. ಮೌಸನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ನಡೆದಳು.

ಮನೆಗೆ ಬಂದು ಫೋನ್ ಚಾರ್ಜಿಗಿಟ್ಟಳು. ಜೀವ ಬಂದದ್ದೇ ತಡ, ಅದು ಗುಂಯ್ ಗುಂಯ್ ಎಂದು ಮೇಜಿನ ಮೇಲೆ ತೆವಳತೊಡಗಿತು. ಎಲ್ಲವೂ ಹಗಲಿಡೀ ಅವನು ಮಾಡಿದ್ದ ಕರೆಗಳ ಸೂಚನೆಗಳು. ಕೊನೆಗೆ ಒಂದು ಸಂದೇಶ: ಅಪ್ಪಾವ್ರು ನಮ್ಮಲ್ಲೇ ಇದ್ದಾರೆ. ಊಟ ಆಯ್ತು. ಅಂಗಡಿ ಬಿಟ್ಟು ಬರೋಣ ಅಂದ್ರೆ ಅವರು ಆಟ ಬಿಟ್ಟು ಏಳ್ತಿಲ್ಲ. ಗಾಬರಿ ಬೇಡ.

ಅವಳು ಹಣೆಗೆ ಕೈ ಹಚ್ಚಿ ಕೂತಳು. ಅಯ್ಯೋ, ನನ್ನ ನಾಲಿಗೆಯೇ...

“ಅಲ್ಲ ಅಪ್ಪ, ಅವರು ಎಲೆಗಳನ್ನ ಯಾಕೆ ಹಾಗೆ ತೂರ್ತಿದ್ರು?”

“ನಾನು ಗೆದ್ದೆ ಕಣಮ್ಮ,” ಅಪ್ಪ ಬಲು ಗಂಭೀರವಾಗಿ ಹೇಳಿದರು. “ಗೆದ್ರೆ ಎಲೆ ಕುಣೀಬೇಕು. ಕಂಪ್ಯೂಟರಲ್ಲಿ ಕುಣೀತಿತ್ತು, ನೀನು ಅದನ್ನ ಯಾವತ್ತೂ ನೋಡ್ಲಿಲ್ಲ. ಡಾಕ್ಟ್ರಿಗೆ ಹೇಳ್ದೆ, ಕುಣಿಸಿದ್ರು.”

ಅವಳಿಗೆ ಅಳು ಒತ್ತರಿಸಿ ಬಂತು. ಒಂದೇ ಮನೆಯಲ್ಲಿದ್ದು ತಾನು ನೋಡದ್ದನ್ನು ಅವನು ಒಂದೇ ಹಗಲಿನಲ್ಲಿ ಕೇಳಿ ತಿಳಿದಿದ್ದ.

ಮಾರನೆಯ ಸಂಜೆ ಅವನೇ ಬಂದ, ಮೌಸ್ ಕೊಡಲು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತ. ಆ ಹಳೆಯ ಆಟ ಹೊಸ ಸಿಸ್ಟಮಿನಲ್ಲಿ ಕೂರುವುದಿಲ್ಲ, ಅದೇ ಥರ ಹಸಿರು ಪರದೆಯ ಬೇರೊಂದು ಇಸ್ಪೀಟು ಆಟ ತಂದಿದ್ದೇನೆ, ಆದರೆ ಅದರಲ್ಲಿ ಎಲೆಗಳು ಕುಣಿಯುವುದಿಲ್ಲ ಎಂದ. ಒರೆಸುವ ಮೊದಲು ಅಪ್ಪಾವ್ರನ್ನು ಒಂದು ಮಾತು ಕೇಳಬೇಕಿತ್ತು ಎಂದೂ ಸೇರಿಸಿದ.

“ಒರೆಸಿ ಅಂದೋಳು ನಾನು,” ಎಂದಳು ಅವಳು. “ನಿನ್ನೆ ಅಂದದ್ದಕ್ಕೆ... ಕ್ಷಮಿಸಿ. ಫೋನ್ ಸತ್ತಿತ್ತು.”

“ಗೊತ್ತಾಯ್ತು. ಚಪ್ಪಲಿ ಕೈಲಿ ಹಿಡ್ಕೊಂಡು ಬಂದ್ರಲ್ಲ, ಹೊಡೀದೇ ಬಿಟ್ರಿ, ಅದೇ ದೊಡ್ಡದು.”

ಅವಳು ನಕ್ಕಳು. ನಗು ಬಂದದ್ದು ಅವಳಿಗೇ ಆಶ್ಚರ್ಯ. ಒಳಗಿನಿಂದ ಅಪ್ಪ, ಡಾಕ್ಟ್ರು ಬಂದ್ರೆ ಎಲೆ ಹಂಚೋಕೆ ಹೇಳು ಎಂದು ಕೂಗಿದರು.

ಅವನು ದನಿ ತಗ್ಗಿಸಿದ. “ಅಂಗಡಿ ಮುಚ್ಚಿದ ಮೇಲೆ ನನಗೆ ಹೋಗೋಕೆ ಒಂದು ಮನೆ ಬೇಕು. ಬರೀ ಅಪ್ಪಾವ್ರಿಗೋಸ್ಕರ ಕೇಳ್ತಿಲ್ಲ ನಾನು.”

ಅವಳು ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. “ದಿನಾ ಬಂದು ಎಲೆ ತೂರೋಕಾಗುತ್ತಾ ನಿಮ್ಮ ಕೈಲಿ?”

“ತೂರೋದೇನು ಕಷ್ಟ? ಬಗ್ಗಿ ಆರಿಸೋಕೆ ಸೊಂಟ ಹಿಡಿಯುತ್ತೆ.”

“ನಾನು ಆರಿಸಿಕೊಡ್ತೀನಿ.”

ಆ ಕಂಪ್ಯೂಟರ್ ಈಗಲೂ ಏದುಸಿರು ಬಿಡುತ್ತಲೇ ಓಡುತ್ತಿದೆ. ಹಳೆಯ ಆಟ ಹೋಯಿತು. ಅದು ಮತ್ತೆ ಸಿಗಲಿಲ್ಲ. ಹಗಲು ಹೊಸ ಆಟ, ಸಂಜೆ ಕುಣಿಯುವ ಎಲೆಗಳು ಇರುವುದರಿಂದ ಅಪ್ಪ ಬಸ್ಸಿನ ದಾರಿ ಹಿಡಿಯುವುದು ನಿಂತಿತು. ಅವಳು ಟೈಪ್ ಮಾಡುವಾಗ ಚಹಾ ತಂದಿಡುವವರು ಒಬ್ಬರಿದ್ದಾರೆ.