ಅಮ್ಮನ ಮಾತ್ರೆ ಬಚ್ಚಿಟ್ಟ ದಿನ

“ಚೂಟಿ, ನನ್ನ ಮಾತ್ರೆ ನೋಡಿದ್ಯಾ?”

ಅಮ್ಮ ಒಂದು ಕೈಯಲ್ಲಿ ಎಡಗಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಡ್ರಾಯರ್ ತಡಕಾಡುತ್ತಿದ್ದಳು. ಹಳೇ ಬೀಗ, ಅರ, ಸ್ಕ್ರೂಗಳೆಲ್ಲ ಖಣಖಣ ಎಂದವು. ಆ ಸದ್ದಿಗೇ ಅವಳ ಮುಖ ಕಿವುಚಿಕೊಂಡಿತು.

“ಇಲ್ಲಮ್ಮ,” ಎಂದಳು ಚೂಟಿ.

ಹಸೀ ಸುಳ್ಳು. ಮಾತ್ರೆಯ ಸ್ಟ್ರಿಪ್ ಅವಳ ಜಾಮಿಟ್ರಿ ಬಾಕ್ಸಿನಲ್ಲಿತ್ತು. ಬೆಳಿಗ್ಗೆ ಅವಳೇ ಅಲ್ಲಿ ಬಚ್ಚಿಟ್ಟಿದ್ದಳು.

ಮನೆಯ ಮುಂದಿನ ಕೋಣೆಯೇ ಅಮ್ಮನ ಅಂಗಡಿ. ಡೂಪ್ಲಿಕೇಟ್ ಕೀ ಮಾಡುವುದು ಅವಳ ಕೆಲಸ. ಮಷೀನ್ ಕಿರ್ರೆಂದು ಹಿತ್ತಾಳೆ ಕೊರೆಯುವಾಗ ಬೀದಿನಾಯಿಗಳೂ ಎದ್ದು ಆಚೆ ಹೋಗುತ್ತವೆ. ಮೈಗ್ರೇನ್ ಇರುವವರು ಮಾಡುವ ಕೆಲಸವಾ ಇದು? ಆದರೆ ಅಮ್ಮ ಕಲಿತದ್ದು ಇದನ್ನೇ.

ಚೂಟಿ ಮಾತ್ರೆ ಬಚ್ಚಿಟ್ಟದ್ದು ಕೆಟ್ಟ ಬುದ್ಧಿಯಿಂದಲ್ಲ. ಕಳೆದ ಸಲ ಡಾಕ್ಟರ್ ಹತ್ತಿರ ಹೋದಾಗ ಅವಳೂ ಜೊತೆಗಿದ್ದಳು. “ಈ ಟ್ರಿಪ್ಟಾನ್ ಮಾತ್ರೆ ಪದೇ ಪದೇ ತಗೋಬೇಡಿ. ಆಮೇಲೆ ಮಾತ್ರೆಯಿಂದಲೇ ತಲೆನೋವು ಬರೋಕೆ ಶುರುವಾಗುತ್ತೆ,” ಎಂದಿದ್ದರು ಡಾಕ್ಟರಮ್ಮ. ಅವತ್ತಿನಿಂದ ಚೂಟಿಗೆ ಭಯ. ಹಾಸ್ಟೆಲ್ಲಿನ ರಾಶಿ ಕೀಗಳ ಆರ್ಡರ್ ಬಂದ ಮೇಲೆ ಅಮ್ಮ ಮೊನ್ನೆಯೂ ನುಂಗಿದಳು, ನಿನ್ನೆಯೂ ನುಂಗಿದಳು. ಇವತ್ತು ಮಾತ್ರೆಯೇ ಸಿಗದಿದ್ದರೆ ಹೇಗೆ ನುಂಗುತ್ತಾಳೆ, ನೋಡೋಣ.

ಪಾಪ, ಅವಳ ತಲೆಗೆ ಹೊಳೆದದ್ದು ಅಷ್ಟೇ.

“ಈಗ ತಾನೇ ನೋವು ಶುರುವಾಗಿದೆ ಕಣೇ. ಈಗಲೇ ತಗೊಂಡ್ರೆ ನಿಲ್ಲುತ್ತೆ. ಸ್ವಲ್ಪ ಹುಡುಕು ಪುಟ್ಟಾ.”

ಚೂಟಿ ಹುಡುಕುವ ನಾಟಕ ಮಾಡಿದಳು. ಮಂಚದ ಕೆಳಗೆ ಬಗ್ಗಿದಳು, ದಿಂಬು ಎತ್ತಿದಳು. ಅಮ್ಮ ಕಾದು ಕಾದು, ಮತ್ತೆ ಅಂಗಡಿಗೆ ಹೋಗಿ ಕೂತಳು. ಮಷೀನ್ ಒಮ್ಮೆ ಕಿರುಚಿ ನಿಂತುಹೋಯಿತು. ಆಮೇಲೆ ಬಚ್ಚಲಿನಿಂದ ವಾಂತಿ ಮಾಡುವ ಸದ್ದು ಬಂತು.

ಒಳಕೋಣೆಯ ನೆಲದ ಮೇಲೆ ಅಮ್ಮ ಮುದುಡಿ ಮಲಗಿದಳು. ಬೇರೆ ದಿನ ಮಾತ್ರೆ ತೆಗೆದುಕೊಂಡು ಒಂದಷ್ಟು ಹೊತ್ತು ಕಣ್ಣು ಮುಚ್ಚಿದರೆ ಎದ್ದುಬಿಡುತ್ತಿದ್ದಳು. ಇಂಥದ್ದನ್ನು ಚೂಟಿ ನೋಡಿಯೇ ಇರಲಿಲ್ಲ. ಅಮ್ಮ ಅಳುತ್ತಿದ್ದಳು. ಅತ್ತರೂ ತಲೆ ಸಿಡಿಯುತ್ತದೆಂದು ತಡೆದು ತಡೆದು ಅಳುತ್ತಿದ್ದಳು.

ಚೂಟಿ ಓಡಿಹೋಗಿ ಸ್ಟ್ರಿಪ್ ತಂದಳು.

“ಅಮ್ಮಾ, ಸಿಕ್ತು.”

ಎಲ್ಲಿತ್ತು ಎಂದು ಅಮ್ಮ ಕೇಳಲಿಲ್ಲ. ಒಂದು ಮಾತ್ರೆ ನುಂಗಿ ಮತ್ತೆ ಮಲಗಿದಳು. ಆದರೆ ನೋವು ಒಂದಿಷ್ಟೂ ಇಳಿಯಲಿಲ್ಲ.

ಸಂಜೆ ಅಪ್ಪ ಬಸ್ ಡಿಪೋದ ಕೆಲಸ ಮುಗಿಸಿ ಬಂದಾಗಲೂ ಅಮ್ಮ ಹಾಗೇ ಬಿದ್ದಿದ್ದಳು. “ಇನ್ನೊಂದು ಮಾತ್ರೆ ಕೊಡಿ,” ಎಂದಳು ಗೋಡೆಯ ಕಡೆ ಮುಖ ಮಾಡಿಕೊಂಡೇ. “ನಿಮ್ಮ ಕಾಲಿಗೆ ಬೀಳ್ತೀನಿ ರೀ.”

ಅಪ್ಪ ಸ್ಟ್ರಿಪ್ ಎತ್ತಿ ಜೇಬಿಗೆ ಹಾಕಿಕೊಂಡ. “ಬೇಡ. ಮೊದಲನೇದು ನಾಟದಿದ್ರೆ ಅದೇ ನೋವಿಗೆ ಇನ್ನೊಂದು ತಗೋಬಾರದು ಅಂದಿದ್ದಾರಲ್ಲ. ಡಾಕ್ಟರ್‌ಗೆ ಫೋನ್ ಮಾಡ್ತೀನಿ, ತಡ್ಕೋ.”

ಚೂಟಿ ಅಡುಗೆಮನೆಗೆ ಅವನ ಹಿಂದೆಯೇ ಹೋದಳು. “ಕೊಡಪ್ಪಾ. ಅಮ್ಮಂಗೆ ಆಗ್ತಿಲ್ಲ.”

“ನಂಗೇನು ಕಲ್ಲಿನ ಎದೆಯಾ?” ಅಪ್ಪನ ದನಿ ಒಡೆಯಿತು. “ಯಾವಾಗಲೂ ಶುರುವಿನಲ್ಲೇ ತಗೋತಾಳೆ. ಇವತ್ತೇನಾಯ್ತು, ತಡ ಆಯ್ತಾ?”

“ನಾನು ಬಚ್ಚಿಟ್ಟಿದ್ದೆ.”

ಆಮೇಲೆ ಎಲ್ಲವನ್ನೂ ಹೇಳಿದಳು. ಅಪ್ಪ ಎರಡೇಟು ಹೊಡೆದಿದ್ದರೂ ಚೆನ್ನಾಗಿತ್ತು. ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ಜಾಸ್ತಿ ತಗೋಬೇಡಿ ಅಂದ್ರು, ನಿಜ,” ಎಂದ. “ತಗೊಳ್ಳೋದಾದ್ರೆ ತಡ ಮಾಡಬೇಡಿ ಅಂತಲೂ ಅಂದ್ರು. ನೀನು ಒಂದು ಮಾತನ್ನ ಹಿಡ್ಕೊಂಡೆ. ನಿಮ್ಮಮ್ಮ ಇನ್ನೊಂದನ್ನ ಹಿಡ್ಕೊಂಡಳು. ನಂಗಾದ್ರೂ ಹೇಳಬಾರದಿತ್ತಾ?”

ಫೋನಿನಲ್ಲಿ ಡಾಕ್ಟರಮ್ಮ ಇನ್ನೊಂದು ಮಾತ್ರೆ ಬೇಡವೇ ಬೇಡ ಎಂದರು. ಕತ್ತಲಲ್ಲಿ ಮಲಗಲಿ, ಗುಟುಕು ಗುಟುಕಾಗಿ ನೀರು ಕುಡಿಯಲಿ. ಮಾತು ತೊದಲಿದರೆ, ಎದೆ ನೋವು ಬಂದರೆ, ಕೈಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ತನ್ನಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಬನ್ನಿ.

ಮತ್ತೆ ವಾಂತಿ ಬಂದರೆ ಬೇಕೆಂದು ಚೂಟಿ ಬಕೆಟ್ ಹಿಡಿದು ಅಮ್ಮನ ಪಕ್ಕ ಹೋಗಿ ಕೂತಳು. ಇಡೀ ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ನಾಲಿಗೆಯವರೆಗೆ ಬಂತು.

“ಅಮ್ಮಾ,” ಎಂದಳು ಪಿಸುದನಿಯಲ್ಲಿ.

ಅಷ್ಟಕ್ಕೇ ಅಮ್ಮ ಬೆಚ್ಚಿ, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

ತಪ್ಪಾಯ್ತು ಎಂದುಬಿಟ್ಟರೆ ತನಗೆ ಹಗುರವಾಗುತ್ತದೆ. ಅಮ್ಮನಿಗೆ ಈಗ ಅದೂ ಒಂದು ಸದ್ದು. ಚೂಟಿ ಆ ಮಾತನ್ನು ನುಂಗಿಕೊಂಡಳು. ಬಕೆಟ್ಟಿನ ಹಿಡಿ ಸದ್ದು ಮಾಡದಂತೆ ಬೆರಳುಗಳಲ್ಲಿ ಬಿಗಿಯಾಗಿ ಹಿಡಿದು, ಅಲ್ಲೇ ಕೂತಳು.