ಹೆಮ್ಮಿಗೆಯ ಐದು ಕಲ್ಲು

"ಕೈ ತೆಗೀರೀ!"

ರೋಜಾ ಬೆಚ್ಚಿಬಿದ್ದಳು. ಗಡಗಡ ನಡುಗುತ್ತಿದ್ದ ಯಂತ್ರದ ಬಾನಿಯೊಳಗೆ ಇಳಿಯುತ್ತಿದ್ದ ಅವಳ ಕೈಯನ್ನು ಯಾರೋ ಹಿಡಿದು ಹಿಂದಕ್ಕೆ ಎಳೆದಿದ್ದರು. ತಿರುಗಿ ನೋಡಿದರೆ ಗುರುತಿಲ್ಲದ ಗಂಡಸು! ಹಣೆಯ ಮೇಲೆ ಗ್ರೀಸು, ಕೈಯಲ್ಲಿ ಸ್ಪ್ಯಾನರು.

"ಯಾರ್ರೀ ನೀವು? ಬಿಡ್ರೀ ಕೈಯ!"

"ಆಮ್ಯಾಕೆ ಬಯ್ಯೀರಂತೆ. ಆ ಸದ್ದು ಕೇಳ್ತಾ ಇಲ್ವಾ? ಬಾನಿ ಅರ್ಧ ಖಾಲಿ. ಕಲ್ಲಿಗೆ ಕಲ್ಲು ಬಡ್ದು ಎಲ್ಲಾ ಮುಕ್ಕಾಯ್ತಾ ಅವೆ. ಆ ಕಲ್ಲಿನ ಟ್ರೇ ಎತ್ತಿ ಸುರೀರಿ... ಬಿರ್ನೆ!"

ಒಂದು ಟ್ರೇ ಅವನು ಸುರಿದ. ಇನ್ನೊಂದನ್ನು ಅವಳು ಸುರಿದಳು. ಬಾನಿ ತುಂಬುತ್ತಲೇ ಆ ಗಡಗಡ ಅಡಗಿ, ಕಲ್ಲುಗಳು ಒಂದರ ಮೇಲೊಂದು ಮೆಲ್ಲಗೆ ಉರುಳತೊಡಗಿದವು. ಅವನು ಯಂತ್ರದ ಮೈಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಂತ.

'ಮಗುವಿನ ಜ್ವರ ನೋಡೋ ಹಾಗೆ ನೋಡ್ತಾನಲ್ಲ!' ರೋಜಾಳಿಗೆ ನಗು ಬಂತು. ಕೋಪವೂ ಬಂತು. ಎದೆ ಯಾಕೆ ಅಷ್ಟು ಹೊಡೆದುಕೊಂಡಿತೋ, ಅದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಅದು ಎರಡು ಸಾವಿರದ ಒಂದನೇ ಇಸವಿ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡು. ಕೆಂಪು, ಹಸಿರು ಕಲ್ಲುಗಳನ್ನು ನಡುಗುವ ಯಂತ್ರಗಳಿಗೆ ಹಾಕಿ ಹೊಳಪು ಬರಿಸಿ ಮಾರುವುದು ಅಲ್ಲಿಯ ಕೆಲಸ. ಕಲ್ಲುಗಳೆಲ್ಲ ಮುಕ್ಕಾಗಿ ಬರುತ್ತಿವೆಯೆಂದು ಯಜಮಾನರು ಕರೆಸಿದ್ದ ಮೆಕ್ಯಾನಿಕ್ಕೇ ಹುಲ್ಲಹಳ್ಳಿಯ ಪ್ರೇಮ್‌ಕುಮಾರ್.

ರೋಜಾ ಹೆಮ್ಮಿಗೆಯವಳು. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಲ್ಲು ಆರಿಸುವ ಕೆಲಸಕ್ಕೆ ಬರುತ್ತಿದ್ದಳು. ಊಟದ ಹೊತ್ತಿಗೆ, ಪಕ್ಕದಲ್ಲೇ ಕಲ್ಲು ಆರಿಸುವ ದೇವೀರಮ್ಮನ ಜೊತೆ ಕೂತು ಐದು ಕಲ್ಲಾಟ ಆಡುವುದು ಅವಳಿಗೆ ಅಭ್ಯಾಸ. ಬಿಳಿ ಗೆರೆಯ ಐದು ಕಪ್ಪು ಕಲ್ಲು! ಅಕ್ಕ ಇಂದ್ರಾಣಿ ಹೆಮ್ಮಿಗೆಯ ಹೊಳೆದಂಡೆಯಲ್ಲಿ ಆರಿಸಿ ಕೊಟ್ಟದ್ದು. ಅಕ್ಕ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳ ನೆನಪಿಗೆಂದು ರೋಜಾಳಿಗೆ ಉಳಿದದ್ದು ಅವಷ್ಟೇ.

ಪ್ರೇಮ್‌ಕುಮಾರ್ ಬಂದ ಆ ಸಂಜೆ ನೋಡಿದರೆ ಆ ಐದು ಕಲ್ಲುಗಳಿಲ್ಲ!

ಚೀಲ ಕೊಡವಿದಳು. ಶೆಡ್ಡೆಲ್ಲ ಗುಡಿಸಿದಳು. ಎಲ್ಲೂ ಇಲ್ಲ.

ವಾರ ಕಳೆದು ಬಾನಿ ಖಾಲಿ ಮಾಡಿ ಕಲ್ಲು ತೊಳೆಯುವಾಗ, ಅವಳ ಅಂಗೈಗೇ ಬಂದವು. ಅದೇ ಬಿಳಿ ಗೆರೆ. ಆದರೆ ಕನ್ನಡಿಯಂಥ ನುಣುಪು! ರೋಜಾ ಅವನ್ನು ಎತ್ತಿ ಹಿಡಿದು ತಿರುಗಿದಳು.

"ಯಾರು... ಯಾರು ಇದನ್ನ ಬಾನಿಗೆ ಹಾಕಿದ್ದು?"

ದೇವೀರಮ್ಮ ಬಾಯಿ ತೆರೆಯುವಷ್ಟರಲ್ಲಿ ಪ್ರೇಮ್‌ಕುಮಾರ್ ಮುಂದೆ ಬಂದ.

"ನಾನೇ ಕಣ್ರೀ. ಗೊತ್ತಾಗ್ನಿಲ್ಲ."

ಅವಳು ಕಲ್ಲುಗಳನ್ನು ಮೇಲೆಸೆದು ಕೈ ಮಗುಚಿದಳು. ಒಂದಾದರೂ ಕೈಯ ಹಿಂಬದಿಯ ಮೇಲೆ ನಿಲ್ಲಲಿಲ್ಲ. ಐದೂ ಜಾರಿದವು.

"ಇವು ನಮ್ಮಕ್ಕನ ಕಲ್ಲಲ್ಲ! ನೀವು ಅವಳನ್ನ ಇನ್ನೊಂದು ಸಲ ಸಾಯಿಸಿಬಿಟ್ರಿ!"

ಅವುಗಳನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದೇ ಅನ್ನುತ್ತಾರೆ ಹಿರಿಯರು. ಇಪ್ಪತ್ತೆರಡರ ಹುಡುಗಿ ಅದನ್ನೆಲ್ಲ ಎಲ್ಲಿ ಕೇಳುತ್ತಾಳೆ?

ಅಂದಿನಿಂದ ಅವಳು ಅವನ ಮುಖ ನೋಡಲಿಲ್ಲ. ಹಾಗೆಂದು ಹಟ ಹಿಡಿದಿದ್ದಳು, ಅಷ್ಟೇ! ಅವನು ನಡುಕ ಹೊಂದಿಸಲು ಮೋಟಾರಿನ ಅಡಿಯ ತೂಕದ ಕಬ್ಬಿಣವನ್ನು ಆಚೀಚೆ ಸರಿಸುವುದು, ನೀರಿನ ಧಾರೆಯನ್ನು ಬೆರಳಲ್ಲಿ ಅಳೆಯುವುದು... ಎಲ್ಲವೂ ಓರೆಗಣ್ಣಿಗೆ ಬೀಳುತ್ತಿತ್ತು. ದೊಡ್ಡ ಯಂತ್ರಗಳೆಲ್ಲ ಸರಿಹೋದರೂ ಮೂಲೆಯ ಸಣ್ಣ ಬಾನಿಯ ಹತ್ತಿರ ಅವನು ದಿನಾ ಏನೋ ಮಾಡುತ್ತಿದ್ದ.

'ಕೆಲಸ ಮುಗಿದ್ರೂ ಹೋಗಲ್ಲ ಇವನು!' ಎಂದು ಗೊಣಗುತ್ತಿದ್ದಳು. ಹೋಗಿಬಿಟ್ಟರೆ ಎಂಬ ಯೋಚನೆ ಬಂದರೆ ಮಾತ್ರ ಆರಿಸಿದ ಕಲ್ಲನ್ನೇ ಮತ್ತೆ ಆರಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅವಳ ಮುಂದೆ ಬಂದು ನಿಂತ. "ರೋಜಾ, ಒಂದ್ ಮಾತು..." ಅವಳು ಎದ್ದು ಆಚೆ ಹೋದಳು. ವಾಪಸ್ ಬಂದಾಗ ಅವನೂ ಇಲ್ಲ, ಅವನ ಸ್ಪ್ಯಾನರ್ ಪೆಟ್ಟಿಗೆಯೂ ಇಲ್ಲ!

"ಎಲ್ಲಿ... ಅವರು?"

"ಒಂಟೋದ ಕಣವ್ವ," ಅಂದಳು ದೇವೀರಮ್ಮ. "ನರಸೀಪುರದಲ್ಲಿ ಕೆಲ್ಸ ಸಿಕ್ಕದಂತೆ. ಇನ್ ಇತ್ಲಾಗ್ ಬರಾಕಿಲ್ವಂತೆ."

"ಹೋಗ್ಲಿ ಬಿಡಿ. ನಮ್ಮಕ್ಕನ ಕಲ್ಲು ಹಾಳು ಮಾಡಿದೋರು..."

"ಲೇ, ಸಾಕು ಸುಮ್ಕಿರು!" ದೇವೀರಮ್ಮ ಕೈಯಲ್ಲಿದ್ದ ಕಲ್ಲು ಬಿಸಾಕಿದಳು. "ಅವತ್ತು ಮಿಸನ್ನು ಗಡಗಡ ಅಂದಾಗ ಆಟದಿಂದ ಎದ್ದು ಓಡ್ದೋಳು ಯಾರು? ಕೈ ಖಾಲಿ ಮಾಡ್ಕಳಾಕೆ ಕಲ್ನೆಲ್ಲ ಪಕ್ಕದ ಟ್ರೇಗೆ ಆಕ್ದೋಳು ಯಾರು? ಆ ಟ್ರೇನ ಎತ್ತಿ ಸುರ್ದೋಳೂ ನೀನೇ ಕಣೇ!"

ರೋಜಾ ಯಂತ್ರದ ಕಡೆ ತಿರುಗಿ ನೋಡಿದಳು. ಟ್ರೇ... ಬಲಗಡೆಯ ಟ್ರೇ... ಹೌದು. ಹೌದು! ಸುರಿದದ್ದು ತಾನೇ!

"ಮತ್ತೆ... ಅವರು ಯಾಕೆ..."

"ನೀ ಸುರ್ದಿದ್ದ ಅವ್ನೂ ಕಂಡಿದ್ದ. ನಾನು ನಿಂಗೆ ಏಳಾಕ್ ಓದ್ರೆ, ಏಳ್ಬಾರ್ದು ಅಂತ ಆಣೆ ಆಕುಸ್ಕಂಬುಟ್ಟ ಕಣವ್ವ."

ರೋಜಾ ಓಡಿದಳು. ಚಪ್ಪಲಿ ಹಾಕಿಕೊಳ್ಳುವುದೂ ಮರೆತಿತ್ತು. ಸಿಕ್ಕ ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಬಂದರೆ ನರಸೀಪುರದ ಬಸ್ಸು ಹೊರಡಲು ನಿಂತಿತ್ತು. ಮೆಟ್ಟಿಲ ಮೇಲೆ ಅವನು!

"ಇಳೀರಿ ಕೆಳಗೆ!"

ಅವನು ಗಾಬರಿಯಿಂದ ಇಳಿದ. ಬಸ್ಸು ಹೊರಟೇಹೋಯಿತು.

"ಯಾಕೆ ಸುಳ್ಳು ಹೇಳಿದ್ರಿ? ಸುರಿದದ್ದು ನಾನು! ನಾನೇ!" ಅವಳಿಗೆ ಅಳು ತಡೆಯಲಾಗಲಿಲ್ಲ.

ಅವನು ತಲೆ ತಗ್ಗಿಸಿದ. "ನನ್ ಮ್ಯಾಲೆ ಸಿಟ್ಟಾದ್ರೆ ಒಂದಿನ ಇಳೀತದೆ. ನಿಮ್ ಮ್ಯಾಲೆ ನೀವೇ ಸಿಟ್ಟಾದ್ರೆ... ಅದು ಜಲ್ಮ ಪೂರ್ತಿ ಇಳಿಯಕಿಲ್ಲ ಕಣ್ರೀ."

ಜೇಬಿನಿಂದ ಒಂದು ಪೊಟ್ಟಣ ತೆಗೆದ. "ಮಧ್ಯಾಹ್ನ ಇದನ್ನೇ ಕೊಡಾಕೆ ಬಂದಿದ್ದೆ. ನರಸೀಪುರದಿಂದ ಯಾರ ಕೈಲಾದ್ರೂ ಕಳ್ಸಾನ ಅಂತಿದ್ದೆ."

ಐದು ಕಪ್ಪು ಕಲ್ಲು. ಹೊಳಪೇ ಇಲ್ಲ! ತರಿತರಿ, ಮಂಕು ಮೈ.

"ಇದು... ಹೇಗೆ?"

"ಆ ಸಣ್ಣ ಬಾನಿಗೆ ಕಲ್ಲು ಉಜ್ಜೋ ದಪ್ಪ ಪುಡಿ ಆಕಿ ತಿರ್ಗಾ ಓಡುಸ್ದೆ. ನಡುಕ ಜಾಸ್ತಿಯಾದ್ರೆ ಮುಕ್ಕಾಯ್ತವೆ, ಕಮ್ಮಿಯಾದ್ರೆ ತರಿ ಏಳಾಕಿಲ್ಲ. ಬ್ಯಾರೆ ಕಲ್ಲಿನ ಮ್ಯಾಲೆ ನೋಡಿ ನೋಡಿ ಆಮ್ಯಾಕೆ ಇವನ್ನ ಆಕ್ದೆ. ಮೊದ್ಲಿನಂಗೇ ಆಗಿಲ್ಲ... ಆದ್ರೆ ಕೈ ಮ್ಯಾಲೆ ನಿಲ್ತವೆ."

ಊರೆಲ್ಲ ಹೊಳಪಿಗೆ ಹಾತೊರೆಯುವಾಗ ಇವನು ಇಷ್ಟು ದಿನ ಹೊಳಪು ತೆಗೆಯುತ್ತಾ ಕೂತಿದ್ದ! ರೋಜಾ ಬೆರಗಾಗಿ ನಿಂತಳು. ಆಮೇಲೆ ಅಲ್ಲೇ, ಜನರ ನಡುವೆ, ಕಲ್ಲುಗಳನ್ನು ಮೇಲೆಸೆದು ಕೈ ಮಗುಚಿದಳು.

ನಾಲ್ಕು ನಿಂತವು. ಐದನೆಯದು ಉರುಳಿತು. ಅದು ನೆಲ ಮುಟ್ಟುವ ಮೊದಲೇ ಅವನು ಹಿಡಿದುಕೊಂಡ.

"ತಗಳಿ."

"ಬೇಡ. ಅದು ನಿಮ್ಮ ಹತ್ರಾನೇ ಇರಲಿ."

ಅವನು ಕಣ್ಣರಳಿಸಿದ. "ನಾಕೇ ಇದ್ರೆ ಆಟ ಹೆಂಗ್ ಆಡೀರಿ?"

"ಅದಕ್ಕೇ..." ಅವಳು ಒದ್ದೆ ಕಣ್ಣಲ್ಲೇ ನಕ್ಕಳು, "ಭಾನುವಾರ ಹೆಮ್ಮಿಗೆಗೆ ಬನ್ನಿ. ಅಪ್ಪಯ್ಯನ ಹತ್ರ ಮಾತಾಡಿ."

"ಏನಂತ?!"

"ನಿಮ್ಮ ಮಗಳ ಒಂದು ಕಲ್ಲು ನನ್ನ ಹತ್ರ ಐತೆ ಅಂತ."

"ಬರೀ ಕಲ್ಲಾ?"

ರೋಜಾ ಕಲ್ಲು ಹಿಡಿದಿದ್ದ ಅವನ ಬೆರಳುಗಳನ್ನು ತನ್ನ ಕೈಯಿಂದಲೇ ಮುಚ್ಚಿದಳು.